ಬ್ರನೋಗೆ ಬಂದು ನಾಲ್ಕು ವರ್ಷ, ಚೆಕ್ ಇನ್ನೂ ಬಾಯಿಗೆ ಬಂದಿಲ್ಲ: ನನಗಾಗಿಯೇ ರೂಪಿಸುವ ಕೋರ್ಸ್ ಸೇರಲಾ?

ಲೀಶೆನ್_ನಿವಾಸಿ

ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ನನಗೆ 41 ವರ್ಷ. ಕೆಲಸ ಸಾಫ್ಟ್‌ವೇರ್, ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷ್. ಚೆಕ್ ದೇಶದ ಈ ಬ್ರನೋ ನಗರಕ್ಕೆ ಬಂದ ಮೊದಲ ವರ್ಷ ಒಂದು ಮೊಬೈಲ್ ಆ್ಯಪ್‌ನಲ್ಲಿ ದಿನಾ ಹತ್ತು ನಿಮಿಷ ಚೆಕ್ ಕಲಿತೆ. ‘ಸೇಬು ಕೆಂಪಗಿದೆ’ ತರಹದ ವಾಕ್ಯಗಳು ಬಂದವು. ಆದರೆ ಪಕ್ಕದ ಮನೆಯವರು ಲಿಫ್ಟ್‌ನಲ್ಲಿ ಏನಾದರೂ ಕೇಳಿದರೆ ಒಂದು ಪದವೂ ಹೊರಡುತ್ತಿರಲಿಲ್ಲ. ಆಮೇಲೆ ಬಿಟ್ಟುಬಿಟ್ಟೆ.

ಹೋದ ತಿಂಗಳು ಮಗಳಿಗೆ ಜ್ವರ ಬಂದು ಮೂರು ದಿನ ಶಾಲೆ ತಪ್ಪಿತು. ಅವಳು ಎರಡನೇ ತರಗತಿ, ಚೆಕ್ ಶಾಲೆ. ಮಗು ಯಾಕೆ ಬರಲಿಲ್ಲ ಅಂತ ಪೋಷಕರು ‘ಒಮ್ಲುವೆಂಕ’ ಬರೆದುಕೊಡಬೇಕು. ಅವಳು ಹಾಸಿಗೆಯಲ್ಲಿ ಕೂತು ಹೇಳಿದಳು, ನಾನು ಬರೆದೆ. ‘ಅಪ್ಪಾ, ಅಲ್ಲಿ ಹಾಚೆಕ್ ಬಿಟ್ಟಿದ್ದೀಯ’ ಅಂತ ತಿದ್ದಿದಳು. ಹಾಚೆಕ್ ಅಂದರೆ ಅಕ್ಷರದ ತಲೆ ಮೇಲೆ ಹಾಕುವ ಪುಟ್ಟ ಕೊಕ್ಕೆ. ಅದೇ ವಾರ ಮಕ್ಕಳ ಡಾಕ್ಟರ್ ಹತ್ತಿರ ಅವರು ಹೇಳಿದ್ದನ್ನು ನನಗೆ, ನಾನು ಹೇಳಿದ್ದನ್ನು ಅವರಿಗೆ ದಾಟಿಸಿದವಳೂ ಅವಳೇ. ತನ್ನ ಕಾಯಿಲೆಯನ್ನು ತಾನೇ ಅಪ್ಪನಿಗೆ ಬಿಡಿಸಿ ಹೇಳುವ ಕೆಲಸ ಎಂಟು ವರ್ಷದ ಮಗುವಿಗೆ ಬರಬಾರದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಕಾರಣವೂ ಇದೆ. ಮುಂದಿನ ವರ್ಷ ಇಲ್ಲಿಗೆ ಬಂದು ಐದು ವರ್ಷ ತುಂಬುತ್ತದೆ. ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬೇಕು ಅಂದರೆ ಚೆಕ್ ಭಾಷೆಯ ಎ2 ಪರೀಕ್ಷೆ (ಮಟ್ಟಗಳು ಎ1, ಎ2, ಬಿ1 ಹೀಗೆ ಏರುತ್ತವೆ) ಪಾಸಾಗಿರಬೇಕು.

ಕಂಪನಿ ಕೋರ್ಸಿಗೆ ಒಂದು ಮಿತಿಯವರೆಗೆ ದುಡ್ಡು ಕೊಡುತ್ತದೆ. ಆ ದುಡ್ಡಿನಲ್ಲಿ ಸಂಜೆ ಗುಂಪಿನ ತರಗತಿಗೆ ವಾರಕ್ಕೆ ಎರಡು ದಿನ ಹೋಗಬಹುದು, ಒಂದು ಗುಂಪಿನಲ್ಲಿ ಹನ್ನೆರಡು ಜನ. ಇಲ್ಲವೇ ಒಬ್ಬರೇ ಶಿಕ್ಷಕರು, ನನ್ನೊಬ್ಬನಿಗೇ, ವಾರಕ್ಕೆ ಒಂದೇ ದಿನ. ಎರಡನೆಯದನ್ನು ‘ನಿಮ್ಮ ಅಗತ್ಯಕ್ಕೆ ತಕ್ಕಂತೆ ರೂಪಿಸುತ್ತೇವೆ’ ಅನ್ನುತ್ತಾರೆ. ಭಾಷೆಯೇ ಬಾರದವನಿಗೆ ತನ್ನ ಅಗತ್ಯ ಏನು ಅಂತ ಹೇಗೆ ಗೊತ್ತಾಗಬೇಕು? ಈ ವಯಸ್ಸಿಗೆ ಏಳು ವಿಭಕ್ತಿ ತಲೆಗೆ ಹತ್ತುತ್ತದಾ? ಅನುಭವ ಇದ್ದವರು ಹೇಳಿ.

---

ಕ್ರಾಲೊವೊ_ಪೊಲೆ

ನಿಮ್ಮ ಮಗಳು ಹಾಚೆಕ್ ತಿದ್ದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಮಗನೂ ಹೀಗೇ ತಿದ್ದುತ್ತಿದ್ದ. ನಾನು 2016ರ ಆಗಸ್ಟ್‌ನಲ್ಲಿ ಬ್ರನೋಗೆ ಬಂದೆ, ಆಗ ನನಗೆ 38. ಮೊದಲ ಮೂರು ವರ್ಷ ನಿಮ್ಮ ಹಾಗೇ ಕಳೆದೆ. ಶಾಶ್ವತ ನಿವಾಸಕ್ಕೆ ತಯಾರಾಗುವ ಹೊತ್ತಿಗೆ, 2021ರ ಸೆಪ್ಟೆಂಬರ್ 1ರಿಂದ ಪರೀಕ್ಷೆ ಎ1 ಬದಲು ಎ2 ಆಯಿತು. ಓದು, ಕೇಳು, ಬರಹ, ಮಾತು, ನಾಲ್ಕೂ ಇತ್ತು. ಪಾಸಾದೆ. ಎರಡು ವರ್ಷ ಬಿಟ್ಟು ಬಿ1 ಕೂಡ ಮುಗಿಸಿದೆ. ವಯಸ್ಸಿನ ಚಿಂತೆ ಬಿಡಿ. ನಿಮಗೆ ಕನ್ನಡ ಬರುತ್ತದಲ್ಲ, ಅದು ವಯಸ್ಸಿಗಿಂತ ದೊಡ್ಡ ವಿಷಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಗುಂಪಿನ ತರಗತಿಯ ಕಥೆ. ನಾನು ಸೇರಿದ ಗುಂಪಿನಲ್ಲಿ ಹನ್ನೊಂದು ಜನ ಇದ್ದೆವು. ಅದರಲ್ಲಿ ಏಳು ಜನಕ್ಕೆ ಉಕ್ರೇನಿಯನ್ ಅಥವಾ ರಷ್ಯನ್ ಬರುತ್ತಿತ್ತು. ಅವು ಚೆಕ್‌ನ ದಾಯಾದಿ ಭಾಷೆಗಳು. ಶಿಕ್ಷಕಿ ಅರ್ಧ ವಾಕ್ಯ ಹೇಳಿದರೆ ಅವರಿಗೆ ಪೂರ್ತಿ ಅರ್ಥವಾಗುತ್ತಿತ್ತು. ಅವರ ವೇಗಕ್ಕೆ ಪಾಠ ಓಡಿತು. ನಾಲ್ಕು ತಿಂಗಳಲ್ಲಿ ಮೂರು ಶಿಕ್ಷಕರು ಬದಲಾದರು, ಪ್ರತಿಯೊಬ್ಬರೂ ‘ನಿಮ್ಮ ಹೆಸರೇನು, ಎಲ್ಲಿಂದ ಬಂದಿರಿ’ಯಿಂದ ಶುರು ಮಾಡಿದರು. ನಾನು ಬಿಟ್ಟೆ. ನನ್ನ ತಲೆಯೇ ಸರಿಯಿಲ್ಲ ಅಂತ ಒಂದು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ನಿಮಗೆ ಬರಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಆಮೇಲೆ ಒಬ್ಬರೇ ಶಿಕ್ಷಕಿಯ ಹತ್ತಿರ ಹೋದೆ. ಮೊದಲ ದಿನ ಅವರು ಪುಸ್ತಕ ತೆಗೆಯಲಿಲ್ಲ. ಬಿಳಿ ಹಾಳೆ ಕೊಟ್ಟು, ‘ಹೋದ ವಾರ ಎಲ್ಲೆಲ್ಲಿ ಚೆಕ್ ಬೇಕಾಯಿತು, ಬರೆಯಿರಿ’ ಅಂದರು. ನಾನು ಬರೆದದ್ದು: ಶಾಲೆಯ ಬಾಗಿಲಲ್ಲಿ ಇನ್ನೊಬ್ಬ ತಾಯಿ ಏನೋ ಕೇಳಿದ್ದು, ಅಂಚೆ ಕಚೇರಿಯ ಚೀಟಿ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಲು ಹೆದರಿ ನೇರ ಹೋಗಿ ನಿಂತಿದ್ದು, ಲಿಫ್ಟ್‌ನಲ್ಲಿ ಅಂಟಿಸಿದ ಕಾಗದ. ಅವರು ಆ ಹಾಳೆಯನ್ನೇ ಫೈಲಿಗೆ ಹಾಕಿಕೊಂಡು, ‘ಮುಂದಿನ ಎರಡು ತಿಂಗಳ ಪಾಠ ಇದು’ ಅಂದರು. ನಿಮ್ಮ ಅಗತ್ಯ ಹೇಗೆ ಗೊತ್ತಾಗಬೇಕು ಅಂತ ಕೇಳಿದಿರಲ್ಲ. ಹೀಗೆ ಗೊತ್ತಾಗುತ್ತದೆ. ಬಾಯಿ ಕಟ್ಟಿದ ಜಾಗಗಳನ್ನು ಒಂದು ವಾರ ಬರೆದಿಡಿ, ಸಾಕು.

ಲಿಫ್ಟ್‌ನ ಕಾಗದದ ಫೋಟೋ ತೆಗೆದುಕೊಂಡು ಹೋಗಿದ್ದೆ. ‘ಒದ್‌ಸ್ತಾಫ್ಕ ತೆಪ್ಲೇ ವೊದಿ’ ಅಂತಿತ್ತು. ಬಿಸಿನೀರಿನ ನಿಲುಗಡೆ. ಬಿಸಿನೀರು ‘ತೆಪ್ಲಾ ವೊದ’, ಬಿಸಿನೀರಿನ ಅನ್ನಬೇಕಾದರೆ ‘ತೆಪ್ಲೇ ವೊದಿ’. ಚೆಕ್‌ನ ಎರಡನೇ ವಿಭಕ್ತಿಯನ್ನು ನಾನು ಕಲಿತದ್ದು ಆ ಕಾಗದದಿಂದ. ಕೋಷ್ಟಕದಲ್ಲಿ ನೂರು ಸಲ ಓದಿದರೂ ನಿಲ್ಲದ್ದು, ಮಂಗಳವಾರ ಬೆಳಿಗ್ಗೆ ಎಂಟರಿಂದ ಬಿಸಿನೀರು ಬರಲ್ಲ ಅಂತ ಗೊತ್ತಾದ ಕೂಡಲೇ ನಿಂತಿತು.

ಫೋನ್ ಅಭ್ಯಾಸ ಇನ್ನೂ ಚೆನ್ನಾಗಿತ್ತು. ಶಿಕ್ಷಕಿ ಕೋಣೆಯಿಂದ ಎದ್ದು ಹೋಗಿ ಕಾರಿಡಾರಿನಿಂದ ನನಗೆ ಕರೆ ಮಾಡುತ್ತಿದ್ದರು, ಡಾಕ್ಟರ ಶಾಪಿನ ನರ್ಸ್ ಆಗಿ. ಮುಖ ಕಾಣದೆ, ತುಟಿ ಕಾಣದೆ ಅರ್ಥ ಮಾಡಿಕೊಳ್ಳಬೇಕು. ‘ಖ್ತ್ಯೆಲ ಬಿಖ್ ಸೆ ಒಬ್ಯೆದ್ನತ್’, ಅಪಾಯಿಂಟ್‌ಮೆಂಟ್ ಬೇಕಿತ್ತು ಅಂತ. ಆರು ವಾರ ಇದನ್ನು ಮಾಡಿದೆವು. ಏಳನೇ ವಾರ ನಿಜವಾದ ಡಾಕ್ಟರಿಗೆ ಫೋನ್ ಮಾಡಿದೆ. ಗುರುವಾರ ಹತ್ತೂವರೆಗೆ ಬನ್ನಿ ಅಂದರು. ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು, ಸಂತೋಷಕ್ಕೆ.

ಇಲ್ಲೊಂದು ಎಚ್ಚರಿಕೆ. ನಾನು ಹೆಂಗಸು, ಅದಕ್ಕೆ ‘ಖ್ತ್ಯೆಲ’. ನೀವು ‘ಖ್ತ್ಯೆಲ್ ಬಿಖ್’ ಅನ್ನಬೇಕು. ಕನ್ನಡದಲ್ಲಿ ‘ನಾನು ಇದ್ದೆ’ ಅಂದರೆ ಗಂಡಸಿಗೂ ಹೆಂಗಸಿಗೂ ಒಂದೇ. ಚೆಕ್‌ನಲ್ಲಿ ಗಂಡಸು ‘ಬಿಲ್ ಸೆಮ್’, ಹೆಂಗಸು ‘ಬಿಲ ಸೆಮ್’. ನಮ್ಮ ಮನೆಯವರ ಶಿಕ್ಷಕಿ ಹೆಂಗಸು. ಕೇಳಿ ಕೇಳಿ ಅವರೂ ತಿಂಗಳುಗಟ್ಟಲೆ ‘ಬಿಲ ಸೆಮ್’ ಅನ್ನುತ್ತಿದ್ದರು. ನಿಮಗೂ ಶಿಕ್ಷಕಿಯೇ ಸಿಕ್ಕರೆ, ವಾಕ್ಯಗಳನ್ನು ಗಂಡಸಿನ ದನಿಯಲ್ಲಿ ರೆಕಾರ್ಡ್ ಮಾಡಿಸಿ ಕೊಡಿ ಅಂತ ಮೊದಲೇ ಕೇಳಿ.

ಈಗ ಕನ್ನಡದ ವಿಷಯ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಒಂದು ವರ್ಷ ಆದ ಮೇಲೆ ನಾನಾಗಿಯೇ ಕಂಡುಕೊಂಡೆ. ಇಂಗ್ಲಿಷ್ ಮೂಲಕ ಚೆಕ್ ಕಲಿತರೆ ದಾರಿ ಸುತ್ತು. ಕನ್ನಡದ ಮೂಲಕ ಕಲಿತರೆ ಎಷ್ಟೋ ಕಡೆ ನೇರ.

ಚಳಿ ಆಗುತ್ತಿದೆ ಅನ್ನುವುದಕ್ಕೆ ಚೆಕ್‌ನಲ್ಲಿ ‘ಯೆ ಮಿ ಜ಼ಿಮ’. ಇದರಲ್ಲಿ ‘ಮಿ’ ಅಂದರೆ ನನಗೆ. ‘ಯೆ ಮಿ ಪದೆಸಾತ್ ಲೆತ್’, ನನಗೆ ಐವತ್ತು ವರ್ಷ. ‘ಲೀಬೀ ಸೆ ಮಿ’, ನನಗೆ ಇಷ್ಟವಾಗಿದೆ. ‘ಖುತ್ನಾ ಮಿ’, ನನಗೆ ರುಚಿಸುತ್ತಿದೆ. ಎಲ್ಲ ಕಡೆ ‘ನನಗೆ’! ನನ್ನ ಜೊತೆ ಕಲಿಯುತ್ತಿದ್ದ ಇಂಗ್ಲೆಂಡಿನವರೊಬ್ಬರು ಪ್ರತಿ ಸಲ ‘ನಾನು ಚಳಿ’ ಅಂತ ಶುರು ಮಾಡಿ ತಡವರಿಸುತ್ತಿದ್ದರು. ನನಗೆ ಆ ಕಷ್ಟ ಬರಲೇ ಇಲ್ಲ, ಹುಟ್ಟಿದಾಗಿನಿಂದ ನಾವು ಹೀಗೇ ಮಾತಾಡುತ್ತೇವಲ್ಲ. ಸಾಮಾನ್ಯವಾಗಿ ಮೂರನೇ ವಿಭಕ್ತಿಯನ್ನು ತಡವಾಗಿ ಕಲಿಸುತ್ತಾರೆ. ನಾನು ಶಿಕ್ಷಕಿಗೆ ಕನ್ನಡದ ‘ಗೆ’ ವಿವರಿಸಿದ ಮೇಲೆ ಅವರು ಅದನ್ನು ಮುಂದಕ್ಕೆ ತಂದರು. ಒಬ್ಬರಿಗಾಗಿ ರೂಪಿಸಿದ ಕೋರ್ಸ್ ಅಂದರೆ ನನ್ನ ಮಟ್ಟಿಗೆ ಇದೇ. ಪಾಠದ ಸಾಲು ಕಲಿಯುವವರ ತಾಯ್ನುಡಿ ನೋಡಿಕೊಂಡು ಬದಲಾಗಬೇಕು.

ವಿಭಕ್ತಿ ಏಳು ಅಂತ ಹೆದರಬೇಡಿ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ರಾಗವಾಗಿ ಹೇಳಿದವರು ನಾವು. ಇಲ್ಲಿನ ಮಕ್ಕಳು ‘ಕ್ದೊ ತ್ಸೊ, ಕೊಹೊ ಚೆಹೊ, ಕೊಮು ಚೆಮು’ ಅಂತ ಹೇಳುತ್ತಾರೆ. ಯಾರು ಏನು, ಯಾರ ಯಾವುದರ, ಯಾರಿಗೆ ಯಾವುದಕ್ಕೆ. ಸಂಖ್ಯೆಗಳು ಮಾತ್ರ ಬೇರೆ. ಅವರ ಎರಡನೆಯದು ನಮ್ಮ ಷಷ್ಠಿ, ಮೂರನೆಯದು ನಮ್ಮ ‘ಗೆ’, ನಾಲ್ಕನೆಯದು ‘ಅನ್ನು’, ಐದನೆಯದು ಕರೆಯುವ ಸಂಬೋಧನೆ, ಆರನೆಯದು ‘ಅಲ್ಲಿ’, ಏಳನೆಯದು ಪೆನ್ನಿನಿಂದ ಬರೆದೆ ಅನ್ನುವಾಗಿನ ‘ಇಂದ’. ಅಣ್ಣ ಅನ್ನುವುದು ಕರೆಯುವಾಗ ಅಣ್ಣಾ ಆಗುವ ಹಾಗೆ, ‘ಉಚಿತೆಲ್ಕ’ (ಶಿಕ್ಷಕಿ) ಕರೆಯುವಾಗ ‘ಪನೀ ಉಚಿತೆಲ್ಕೊ’ ಆಗುತ್ತದೆ. ನಿಮ್ಮ ಒಮ್ಲುವೆಂಕದ ಮೊದಲ ಸಾಲಿಗೆ ಇದೇ ಬೇಕು.

ಹಾಗಂತ ಎಲ್ಲ ಕಡೆಯೂ ಹೊಂದುವುದಿಲ್ಲ. ನಾನು ಎಡವಿದ ಜಾಗ ಹೇಳುತ್ತೇನೆ. ‘ಬ್ರನೋಗೆ ಹೋಗುತ್ತೇನೆ’ ಅನ್ನಲು ಕನ್ನಡದ ‘ಗೆ’ ನಂಬಿ ‘ಕ್ ಬ್ರನು’ ಅಂದೆ. ಅದರ ಅರ್ಥ ಬ್ರನೋದ ಕಡೆಗೆ ಅಂತ, ಊರು ಮುಟ್ಟಿದ ಅರ್ಥ ಬರಲ್ಲ. ‘ದೊ ಬ್ರನ’ ಅನ್ನಬೇಕು, ಅದು ಎರಡನೇ ವಿಭಕ್ತಿ. ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರ ‘ಕ್’ ಸರಿ. ‘ಬ್ರನೋದಿಂದ’ ಅನ್ನಲು ‘ಜ಼್ ಬ್ರನ’, ಅಲ್ಲೂ ಏಳನೆಯದು ಬರುವುದಿಲ್ಲ. ಅಂದರೆ ನಮ್ಮ ಒಂದು ‘ಇಂದ’ ಅವರಲ್ಲಿ ಎರಡು ದಾರಿಯಾಗಿ ಒಡೆಯುತ್ತದೆ. ಇಂಥವಕ್ಕೆ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ಕನ್ನಡ, ಬಲಗಡೆ ಚೆಕ್, ಇಂಗ್ಲಿಷ್ ಎಲ್ಲೂ ಇಲ್ಲ.

ನಿಜವಾಗಿ ಬೆವರು ಇಳಿಸಿದ್ದು ಲಿಂಗ. ನಮ್ಮಲ್ಲಿ ಮೇಜು, ಕುರ್ಚಿ, ಕಿಟಕಿ ಎಲ್ಲವೂ ‘ಅದು’. ಚೆಕ್‌ನಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು, ಕಿಟಕಿ ನಪುಂಸಕ. ‘ತೆನ್ ಸ್ತೂಲ್, ತ ಝಿದ್ಲೆ, ತೊ ಒಕ್ನೊ’. ಅದಕ್ಕೆ ತಕ್ಕಂತೆ ವಿಭಕ್ತಿಯ ಕೊನೆಯೂ ಬದಲಾಗುತ್ತದೆ, ಮುಂದಿನ ವಿಶೇಷಣವೂ ಬದಲಾಗುತ್ತದೆ. ‘ಒಳ್ಳೆಯ’ ಅಂತ ಒಂದೇ ಪದ ಎಲ್ಲದಕ್ಕೂ ಹಾಕುವ ನಮಗೆ ಇದು ಕಷ್ಟವೇ. ಒಂದೇ ಉಪಾಯ: ಪದವನ್ನು ಯಾವತ್ತೂ ಒಂಟಿಯಾಗಿ ಕಲಿಯಬೇಡಿ. ತೆನ್, ತ, ತೊ ಸೇರಿಸಿಯೇ ಕಲಿಯಿರಿ.

ಉಚ್ಚಾರದಲ್ಲಿ ನಾವು ಅದೃಷ್ಟವಂತರು. ಅವರ ತ, ದ ನಮ್ಮ ತ, ದ ಹಾಗೇ ಹಲ್ಲಿನ ಹತ್ತಿರ. ಹ್ರಸ್ವ ದೀರ್ಘ ಬೇರೆ ಬೇರೆ ಅರ್ಥ ಕೊಡುತ್ತದೆ. ‘ಬಿತ್’ ಅಂದರೆ ಫ್ಲ್ಯಾಟ್, ‘ಬೀತ್’ ಅಂದರೆ ಇರುವುದು. ‘ಪಸ್’ ಪಾಸ್‌ಪೋರ್ಟ್, ‘ಪಾಸ್’ ಬೆಲ್ಟ್. ಬೇರೆಯವರು ಇದಕ್ಕೆ ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ನಾವು ಹರಿ, ಹಾರಿ ಅಂತ ಬೇರೆ ಮಾಡಿ ಬೆಳೆದವರು.

ಬ್ರನೋ ಅನ್ನುವ ಹೆಸರನ್ನೇ ನೋಡಿ. ಬ ಮತ್ತು ನ ನಡುವೆ ಸ್ವರವೇ ಇಲ್ಲ, ‘ರ’ವೇ ಸ್ವರದ ಕೆಲಸ ಮಾಡುತ್ತದೆ. ನಮ್ಮ ಋ ಮೂಲದಲ್ಲಿ ಅದೇ ತಾನೇ? ಈಗ ನಾವು ಅದನ್ನು ‘ರು’ ಅಂತ ಓದುತ್ತೇವೆ. ಆ ಉಕಾರ ತೆಗೆದು ‘ಬೃನೋ’ ಅಂದುಕೊಂಡು ಹೇಳಿ, ಸರಿಯಾಗಿ ಬರುತ್ತದೆ. ಭೀಮನಿಗೆ ವೃಕೋದರ ಅನ್ನುತ್ತೇವೆ, ವೃಕ ಅಂದರೆ ತೋಳ. ಚೆಕ್‌ನಲ್ಲಿ ತೋಳಕ್ಕೆ ‘ವ್‌ಲ್ಕ್’. ಎರಡೂ ಒಂದೇ ಬೇರಿನ ಪದಗಳು. ‘ದೊಬ್ರೀ ದೆನ್’ನ ದೆನ್ ಮತ್ತು ನಮ್ಮ ದಿನ ಕೂಡ ಹಾಗೇ. ಇದು ಗೊತ್ತಾದ ದಿನ ನನಗೆ ಈ ಭಾಷೆ ಪರಕೀಯ ಅನ್ನಿಸುವುದು ನಿಂತಿತು.

ಹಾಚೆಕ್ ಹಾಕಿದ ‘ರ’ ಒಂದು ಮಾತ್ರ ನಮಗೂ ಹೊಸದು. ನಾಲಿಗೆ ‘ರ’ಕ್ಕೆ ಅದುರುತ್ತಿರುವಾಗಲೇ ‘ಝ’ ಹೇಳಬೇಕು. ನನಗೆ ಎಂಟು ತಿಂಗಳು ಹಿಡಿಯಿತು. ಅದಿಲ್ಲದೆಯೂ ಜನಕ್ಕೆ ಅರ್ಥವಾಗುತ್ತದೆ, ಅದಕ್ಕಾಗಿ ಕಾಯಬೇಡಿ.

ಕೊನೆಗೆ ದುಡ್ಡಿನ ಲೆಕ್ಕ. ನನ್ನ ಸಲಹೆ ಒಬ್ಬರೇ ಶಿಕ್ಷಕರ ಕೋರ್ಸ್. ಆದರೆ ಸಹಿ ಹಾಕುವ ಮೊದಲು ಒಂದು ಮಾದರಿ ಪಾಠ ಕೇಳಿ. ಅವರು ವಿದೇಶಿಯರಿಗೆ ಚೆಕ್ ಕಲಿಸಲು ತರಬೇತಿ ಪಡೆದವರಾ ಅಂತ ವಿಚಾರಿಸಿ. ಚೆಕ್ ಮಕ್ಕಳಿಗೆ ಚೆಕ್ ಕಲಿಸುವುದು ಬೇರೆ ಕೆಲಸ. ಶಿಕ್ಷಕರು ನಡುವೆ ಬದಲಾಗುತ್ತಾರಾ ಅಂತ ಬರಹದಲ್ಲಿ ಪಡೆಯಿರಿ. ಇಲ್ಲಿ ಪಾಠದ ‘ಗಂಟೆ’ ಅಂದರೆ 45 ನಿಮಿಷ, ಬೆಲೆ ಹೋಲಿಸುವಾಗ ಅದನ್ನು ನೆನಪಿಡಿ. ಮಗಳಿಗೆ 15 ತುಂಬಿಲ್ಲವಾದ್ದರಿಂದ ಅವಳಿಗೆ ಪರೀಕ್ಷೆ ಇಲ್ಲ. ನೀವು ಬರೆಯಬೇಕು.

---

ಪಿಲ್ಸೆನ್_ಪಾಳಿ

ಅಕ್ಕ ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ. ನಾನು ಪಿಲ್ಸೆನ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಪಾಳಿ ಮೇಲ್ವಿಚಾರಕ. ಕಂಪನಿಯೇ ನಮಗಾಗಿ ಕೋರ್ಸ್ ಮಾಡಿಸಿತ್ತು, ಕಾರ್ಖಾನೆಯ ಊಟದ ಕೋಣೆಯಲ್ಲಿ, ಪಾಳಿ ಮುಗಿದ ಮೇಲೆ. ನಮ್ಮ ಕೆಲಸಕ್ಕೆ ಅಂತಲೇ ಹೊಲಿದ ಕೋರ್ಸ್. ‘ಸ್ಮ್ಯೆನ’ ಪಾಳಿ, ‘ನೊಚ್ನೀ’ ರಾತ್ರಿ ಪಾಳಿ, ‘ಶ್ರೋಉಬ್’ ಸ್ಕ್ರೂ, ‘ಜ಼್ಮೆತೆಕ್’ ಕೆಟ್ಟ ಪೀಸ್. ಆರು ತಿಂಗಳಲ್ಲಿ ನನ್ನ ಲೈನಿನವರ ಜೊತೆ ಕೆಲಸ ಪೂರ್ತಿ ಚೆಕ್‌ನಲ್ಲೇ ನಡೆಯಿತು.

ಆಮೇಲೆ ಒಂದು ದಿನ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಹೇಗೆ ಬಿದ್ದೆ, ಎಲ್ಲಿ ನೋವು, ಯಾವ ಮಾತ್ರೆ ಆಗಿಬರಲ್ಲ, ಒಂದೂ ಹೇಳಲು ಬರಲಿಲ್ಲ. ಜ಼್ಮೆತೆಕ್ ಗೊತ್ತಿದ್ದ ನನಗೆ ಮಣಿಕಟ್ಟು ಅನ್ನುವ ಪದ ಗೊತ್ತಿರಲಿಲ್ಲ. ತುಂಬಾ ಒಂಟಿ ಅನ್ನಿಸಿತು ಅವತ್ತು. ಹಾಗಾಗಿ ನಿಮ್ಮ ಅಗತ್ಯಕ್ಕೆ ರೂಪಿಸಿಕೊಳ್ಳಿ, ಆದರೆ ಇವತ್ತಿನ ಅಗತ್ಯಕ್ಕೆ ಮಾತ್ರ ಬೇಡ. ನಾಲ್ಕು ಪಾಠಕ್ಕೆ ಒಂದು ಪಾಠ, ಇನ್ನೂ ಎದುರಾಗದ ಸಂದರ್ಭಕ್ಕೆ ಇಡಿ. ಆಸ್ಪತ್ರೆ, ಪೊಲೀಸ್, ಮನೆಯಲ್ಲಿ ನೀರು ಸೋರುವುದು.

ಇನ್ನೊಂದು. ಪುಸ್ತಕದಲ್ಲಿ ‘ನೊವೀ’ ಅಂತ ಇರುತ್ತದೆ, ಇಲ್ಲಿ ಎಲ್ಲರೂ ‘ನೊವೆಯ್’ ಅನ್ನುತ್ತಾರೆ. ‘ಒಕ್ನೊ’ ಬದಲು ‘ವೊಕ್ನೊ’ ಅನ್ನುವವರೂ ಇದ್ದಾರೆ. ನಾವು ಬರೆಯುವಾಗ ‘ಬರುತ್ತದೆ’, ಆಡುವಾಗ ‘ಬರತ್ತೆ’ ಅನ್ನುತ್ತೇವಲ್ಲ, ಹಾಗೇ. ಕೇಳಿ ಅರ್ಥವಾಗುವಷ್ಟು ಕಲಿಸಿ ಅಂತ ಶಿಕ್ಷಕರಿಗೆ ಹೇಳಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ್ದೇ ಬರೆಯಿರಿ.

---

ಓಲೊಮೋಉತ್ಸ್_ಸಂಜೆ

ಗುಂಪಿನ ತರಗತಿಯನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ನಾನು ಕಲಿತದ್ದು ಪೂರ್ತಿ ಗುಂಪಿನಲ್ಲೇ. ಪ್ರತಿ ಪ್ರಾಂತ್ಯದಲ್ಲೂ, ಅಂದರೆ ಪ್ರತಿ ಕ್ರಾಯ್‌ನಲ್ಲೂ ವಿದೇಶಿಯರ ನೆರವಿಗೆ ಒಂದು ಕೇಂದ್ರ ಇದೆ. ಅಲ್ಲಿನ ಚೆಕ್ ತರಗತಿ ಉಚಿತ ಅಥವಾ ತೀರಾ ಕಡಿಮೆ ಶುಲ್ಕ. ಒಬ್ಬರೇ ಶಿಕ್ಷಕರ ಜೊತೆ ಕೂತರೆ ಅವರು ನಿಮ್ಮ ತಪ್ಪು ಮಾತನ್ನೂ ಅರ್ಥ ಮಾಡಿಕೊಳ್ಳುತ್ತಾರೆ, ನಿಮ್ಮ ದನಿಗೆ ಒಗ್ಗಿಹೋಗುತ್ತಾರೆ. ಗುಂಪಿನಲ್ಲಿ ವಿಯೆಟ್ನಾಮಿನವರು, ಮಂಗೋಲಿಯಾದವರು, ಎಲ್ಲರ ಚೆಕ್ ಕೇಳಬೇಕು, ಅವರಿಗೆ ಅರ್ಥವಾಗುವ ಹಾಗೆ ಮಾತಾಡಬೇಕು. ನಾಚಿಕೆ ಬಿಟ್ಟುಹೋಗುವುದು ಅಲ್ಲಿ. ನನಗೆ ಇಲ್ಲಿ ಇರುವ ಇಬ್ಬರು ಆಪ್ತ ಗೆಳತಿಯರು ಆ ಬೆಂಚಿನಲ್ಲೇ ಸಿಕ್ಕವರು. ಮೂವರ ನಡುವೆ ಇರುವ ಒಂದೇ ಭಾಷೆ ಚೆಕ್.

---

ಕ್ರಾಲೊವೊ_ಪೊಲೆ

ಓಲೊಮೋಉತ್ಸ್ ಅವರೇ, ಶಿಕ್ಷಕರು ನಮ್ಮ ದನಿಗೆ ಒಗ್ಗಿಹೋಗುತ್ತಾರೆ ಅನ್ನುವುದು ನೂರಕ್ಕೆ ನೂರು ನಿಜ. ನನ್ನ ಶಿಕ್ಷಕಿಗೆ ಅರ್ಥವಾಗುತ್ತಿದ್ದ ಚೆಕ್ ಅಂಚೆ ಕಚೇರಿಯವರಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ನಾವು ಕಂಡುಕೊಂಡ ದಾರಿ, ತಿಂಗಳಿಗೊಂದು ಪಾಠ ಹೊರಗೆ. ನಾನು ಕೌಂಟರಿನಲ್ಲಿ ಮಾತಾಡಬೇಕು, ಅವರು ಹಿಂದೆ ನಿಂತು ಬರೀ ಕೇಳಬೇಕು, ಬಾಯಿ ಹಾಕುವಂತಿಲ್ಲ. ಮೊದಲ ಸಲ ನಾವು ‘ಶಲಿನ’ದಲ್ಲಿ ಹೋದೆವು. ಬ್ರನೋದವರು ಟ್ರಾಮ್‌ಗೆ ಹಾಗೆ ಅನ್ನುತ್ತಾರೆ, ಪುಸ್ತಕದಲ್ಲಿರುವ ‘ತ್ರಮ್ವಯ್’ ಅಲ್ಲ. ಪಿಲ್ಸೆನ್ ತಮ್ಮ ಹೇಳಿದ ಹಾಗೆ, ನೀವಿರುವ ಊರಿನ ಮಾತೂ ಪಾಠದೊಳಗೆ ಬರಬೇಕು.

ಲೀಶೆನ್ ಅವರೇ, ಕಂಪನಿಯ ದುಡ್ಡಿನಲ್ಲಿ ಒಬ್ಬರೇ ಶಿಕ್ಷಕರು, ಜೊತೆಗೆ ಕೇಂದ್ರದ ಗುಂಪು. ಸಮಯ ಸಿಗುವುದಾದರೆ ಎರಡನ್ನೂ ಮಾಡಿ. ನಾನು ಗುಂಪಿಗೆ ವಾಪಸ್ ಹೋಗಲಿಲ್ಲ, ಅದು ನನ್ನ ನಷ್ಟ ಅಂತ ಈಗ ಅನ್ನಿಸುತ್ತಿದೆ.

---

ಲೀಶೆನ್_ನಿವಾಸಿ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ.

ಒಂದು ವಾರ ಬಾಯಿ ಕಟ್ಟಿದ ಜಾಗಗಳನ್ನು ಬರೆದಿಟ್ಟೆ. ಹದಿನೇಳು ಆಯಿತು. ಅದರಲ್ಲಿ ಒಂಬತ್ತು ಮಗಳ ಶಾಲೆಯದ್ದೇ. ಆಫೀಸಿನದು ಒಂದೂ ಇರಲಿಲ್ಲ. ನಾನು ‘ಆಫೀಸ್ ಚೆಕ್’ ಕಲಿಯಬೇಕು ಅಂದುಕೊಂಡಿದ್ದೆ, ಕೇಳಿದ್ದರೆ ಅದನ್ನೇ ಕಲಿಸುತ್ತಿದ್ದರು.

ಇಬ್ಬರ ಹತ್ತಿರ ಮಾದರಿ ಪಾಠಕ್ಕೆ ಹೋದೆ. ಮೊದಲನೆಯವರು ಪಟ್ಟಿಯನ್ನು ಪಕ್ಕಕ್ಕಿಟ್ಟು ಪುಸ್ತಕದ ಮೊದಲ ಪುಟ ತೆಗೆದರು. ಎರಡನೆಯವರು ಪಟ್ಟಿಯನ್ನು ಎರಡು ಸಲ ಓದಿ, ‘ನಿಮ್ಮ ಭಾಷೆಯಲ್ಲಿ ನನಗೆ ಚಳಿ ಅಂತ ಹೇಗೆ ಹೇಳುತ್ತೀರಿ’ ಅಂತ ಕೇಳಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅವರಾಗಿಯೇ ಕೇಳಿದರು! ಅಲ್ಲೇ ಸೇರಿದೆ. ಗಂಡಸಿನ ದನಿಯ ವಾಕ್ಯಗಳನ್ನು ಅವರ ತಮ್ಮನಿಂದ ರೆಕಾರ್ಡ್ ಮಾಡಿಸಿ ಕೊಟ್ಟಿದ್ದಾರೆ. ಕೇಂದ್ರದ ಗುಂಪಿಗೂ ಹೆಸರು ಕೊಟ್ಟಿದ್ದೇನೆ, ಮುಂದಿನ ತಂಡಕ್ಕೆ ಕರೆಯುತ್ತಾರಂತೆ.

ನಿನ್ನೆ ಮಗಳಿಗೆ ಹಲ್ಲಿನ ಡಾಕ್ಟರ್ ಇತ್ತು, ಅರ್ಧ ದಿನ ರಜೆ. ಒಮ್ಲುವೆಂಕ ನಾನೇ ಬರೆದೆ. ‘ಪನೀ ಉಚಿತೆಲ್ಕೊ’ದಿಂದ ಶುರು ಮಾಡಿ ಮೂರು ಸಾಲು. ಅವಳಿಗೆ ತೋರಿಸಿದೆ. ಓದಿದಳು, ಇನ್ನೊಂದು ಸಲ ಓದಿದಳು, ಏನೂ ಹೇಳದೆ ಬ್ಯಾಗಿನಲ್ಲಿಟ್ಟುಕೊಂಡಳು.